ಹೊಸಬರಾಗಿ ಬಂದು ‘ದೊಡ್ಡ ಸ್ವಾಮಿ’ಯಾದವರು: ಅಬ್ಬೆ ದುಬಾಯ್

1792ನೇ ಇಸವಿ ನಮ್ಮ ಸೀಮೆಗೆ ಮರೆಯಲಾಗದ ವರ್ಷ. ಆ ಮಾರ್ಚಿ ತಿಂಗಳಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಂತೆ ಕೃಷ್ಣಗಿರಿಯನ್ನು ಒಳಗೊಂಡ ಬಾರಾಮಹಲ್ ಟಿಪ್ಪು ಸುಲ್ತಾನರ ಕೈಬಿಟ್ಟು ಇಂಗ್ಲಿಷ್ ಕಂಪನಿಯ ಪಾಲಾಯಿತು. ಅದಾಗಿ ಮೂರು ತಿಂಗಳಿಗೆ, ಜೂನ್‌ನಲ್ಲಿ, ಫ್ರಾನ್ಸ್ ದೇಶದ ಒಬ್ಬ ಯುವ ಗುರು ಹಡಗು ಹತ್ತಿದರು. ವಯಸ್ಸು ಇಪ್ಪತ್ತಾರು. ಗುರುದೀಕ್ಷೆ ಆದದ್ದೂ ಅದೇ ವರ್ಷ. ಹೆಸರು ಜಾನ್ ಅಂತೋನಿ ದುಬಾಯ್, ಅವರ ಭಾಷೆಯಲ್ಲಿ ಝಾಂ ಆಂತ್ವಾನ್ ದ್ಯುಬ್ವಾ. ಫ್ರಾನ್ಸಿನ ದಕ್ಷಿಣದ ಆರ್ಡೆಶ್ ಸೀಮೆಯ ಸೇಂಟ್ ರೆಮೇಝ್ ಎಂಬ ಹಳ್ಳಿಯವರು. ‘ಅಬ್ಬೆ’ ಎಂದರೆ ಫ್ರೆಂಚರಲ್ಲಿ ಗುರುಗಳಿಗೆ ಕೊಡುವ ಗೌರವದ ಮಾತು. ನಮ್ಮ ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ, ಅಬ್ಬೇಪಾರಿ ಎಂದರೆ ದಿಕ್ಕಿಲ್ಲದೆ ಅಲೆಯುವವನು. ಪುದುಚೇರಿಯಲ್ಲಿ ಇಳಿದಾಗ ಅವರ ಸ್ಥಿತಿ ಈ ಎರಡನೇ ಮಾತಿಗೇ ಹೆಚ್ಚು ಹತ್ತಿರವಿತ್ತು.

ಏಕೆಂದರೆ ಹಿಂದೆ ಬಿಟ್ಟು ಬಂದ ಮನೆ ಉರಿಯುತ್ತಿತ್ತು. ಫ್ರೆಂಚ್ ಕ್ರಾಂತಿಯ ಸರ್ಕಾರ ಗುರುಗಳೆಲ್ಲ ತನಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಹಿಡಿದು ಕೂತಿತ್ತು. ಒಪ್ಪದವರಿಗೆ ಗಡೀಪಾರು, ಸೆರೆಮನೆ. ದುಬಾಯ್ ಹೊರಟ ಮೂರೇ ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಪ್ಯಾರಿಸ್‌ನ ಸೆರೆಮನೆಗಳಿಗೆ ನುಗ್ಗಿದ ಗುಂಪು ಇನ್ನೂರಕ್ಕೂ ಹೆಚ್ಚು ಗುರುಗಳನ್ನು ಕೊಂದಿತು. ಅವರನ್ನು ಕಳುಹಿಸಿದ ವಿದೇಶಿ ಮಿಷನ್ ಸಂಸ್ಥೆಯ ಪ್ಯಾರಿಸ್ ಸೆಮಿನರಿ ಮುಚ್ಚಿತು. ಮಾರನೇ ವರ್ಷ 1793ರಲ್ಲಿ ಪುದುಚೇರಿಯನ್ನೂ ಇಂಗ್ಲಿಷರು ಹಿಡಿದರು. ಅಂದರೆ ಬಂದು ಒಂದು ವರ್ಷ ತುಂಬುವಷ್ಟರಲ್ಲಿ ಈ ಯುವಕನಿಗೆ ಹಿಂತಿರುಗಲು ಊರಿಲ್ಲ, ಬೆನ್ನಿಗೆ ನಿಲ್ಲಲು ಸಂಸ್ಥೆಯಿಲ್ಲ, ಕಾಲಡಿಯ ನೆಲ ಶತ್ರು ದೇಶದವರದು. ಭಾಷೆ ಬಾರದು. ಗುರುತಿನವರು ಬೆರಳೆಣಿಕೆ.

ಇಂಥವರು ಮುಂದಿನ ಮೂವತ್ತೊಂದು ವರ್ಷ ಇಲ್ಲೇ ಬಾಳಿದರು. ಮೈಸೂರಿನ ಹಳ್ಳಿಗಾಡಿನಲ್ಲಿ ‘ದೊಡ್ಡ ಸ್ವಾಮಿಯವರು’ ಎನಿಸಿಕೊಂಡರು. ರೆಸಿಡೆಂಟ್, ಗವರ್ನರ್ ಮಟ್ಟದ ಅಧಿಕಾರಿಗಳ ವಿಶ್ವಾಸ ಗಳಿಸಿದರು. ಇದೆಲ್ಲ ಹೇಗಾಯಿತು ಎಂಬುದೇ ಈ ಬರಹದ ವಿಷಯ. ಹೊಸೂರಿನಲ್ಲಿ ಕೆಲಸಕ್ಕೆಂದು ಬಂದಿಳಿಯುವ ನಮ್ಮ ಹುಡುಗ ಹುಡುಗಿಯರನ್ನು ವಾರವಾರ ನೋಡುವವಳಾಗಿ ನನಗೆ ಈ ಪ್ರಶ್ನೆ ಮುಖ್ಯವೆನಿಸಿತು.

ಮೊದಲ ಏಳು ವರ್ಷ ಅವರು ತಮಿಳುನಾಡಿನ ದಕ್ಷಿಣದ ಜಿಲ್ಲೆಗಳಲ್ಲಿ ಕಳೆದರು. ಆಗ ಅವರು ಮಾಡಿದ ಒಂದು ತೀರ್ಮಾನ ಮುಂದಿನದಕ್ಕೆಲ್ಲ ತಳಹದಿ. ಹೊಸ ದೇಶಕ್ಕೆ ಹೋದವರು ಮೊದಲು ಹುಡುಕುವುದು ತಮ್ಮವರನ್ನು. ತಮ್ಮ ಭಾಷೆ, ತಮ್ಮ ಅಡುಗೆ, ತಮ್ಮ ಊರಿನ ಹಳೆಯ ಸುದ್ದಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ದುಬಾಯ್ ಯುರೋಪಿನವರ ಸಹವಾಸವನ್ನೇ ಬೇಕೆಂದು ಕಡಿಮೆ ಮಾಡಿದರು. ಇಲ್ಲಿಯವರ ಹಾಗೆ ಉದ್ದನೆಯ ನಿಲುವಂಗಿ ತೊಟ್ಟು ತಲೆಗೆ ರುಮಾಲು ಸುತ್ತಿದರು. ಉಣ್ಣುವ ರೀತಿ, ಕೂರುವ ರೀತಿ, ಮನೆಗೆ ಬಂದವರನ್ನು ಮಾತನಾಡಿಸುವ ರೀತಿ, ಎಲ್ಲವನ್ನೂ ಊರಿನವರಿಂದ ಕಲಿತರು. ಬರೀ ವೇಷದಿಂದ ಯಾರೂ ನಮ್ಮವರಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕೇಳುವವನ ಮುಖದಲ್ಲಿ ಹೇಸಿಗೆ ಕಂಡರೆ ಹೇಳುವವನು ಬಾಯಿ ಮುಚ್ಚುತ್ತಾನೆ. ಆದ್ದರಿಂದ ಅವರು ತಮಗೆ ಒಪ್ಪದ್ದನ್ನು ಕೇಳುವಾಗಲೂ ಮುಖ ಸಿಂಡರಿಸದಂತೆ ಅಭ್ಯಾಸ ಮಾಡಿಕೊಂಡರು. ಕೊನೆಕೊನೆಗೆ ತಾವು ಪ್ರಶ್ನೆ ಕೇಳುವುದೇ ಬೇಡ, ಜನ ತಾವಾಗಿಯೇ ತಮ್ಮ ಮನೆ ವಿಚಾರ, ಜಾತಿ ವಿಚಾರ ಹೇಳುವಷ್ಟು ನಂಬಿಕೆ ಬಂತೆಂದು ಅವರು ಬರೆದುಕೊಂಡಿದ್ದಾರೆ.

ಇದರಲ್ಲಿ ಅಪಾಯವೂ ಇತ್ತು. ಇಲ್ಲಿಯ ಆಚಾರಗಳಿಗೆ ಯೇಸು ಸಭೆಯ ಗುರುಗಳು ಎಷ್ಟು ಹೊಂದಿಕೊಳ್ಳಬಹುದು ಎಂಬ ಜಗಳ ರೋಮ್‌ವರೆಗೆ ಹೋಗಿ, 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟರು ಅನೇಕ ಪದ್ಧತಿಗಳಿಗೆ ತಡೆ ಹಾಕಿದ್ದರು. 1773ರಲ್ಲಿ ಆ ಸಭೆಯನ್ನೇ ರೋಮ್ ರದ್ದು ಮಾಡಿತ್ತು. ದುಬಾಯ್ ಅವರಂಥವರಿಗೆ ಬಳುವಳಿಯಾಗಿ ಬಂದದ್ದು ಆ ಹಳೆಯ ಮಿಷನ್‌ಗಳ ಅಳಿದುಳಿದ ಕ್ರೈಸ್ತರು. ಒಂದು ಕಡೆ ರೋಮ್‌ನ ಕಟ್ಟಳೆ, ಇನ್ನೊಂದು ಕಡೆ ಊರಿನ ಕಟ್ಟಳೆ. ನಡುವೆ ಕಾಲಿಡಲು ಗೇಣಷ್ಟು ಜಾಗ.

ಇನ್ನು 1799ಕ್ಕೆ ಬರೋಣ. ಆ ವರ್ಷದ ಮಾರ್ಚಿಯಲ್ಲಿ ಜನರಲ್ ಹ್ಯಾರಿಸ್ ಅವರ ದೊಡ್ಡ ಸೈನ್ಯ ನಮ್ಮ ರಾಯಕೋಟೆ, ಕೆಲಮಂಗಲ ದಾಟಿಯೇ ಮೈಸೂರು ಸೀಮೆಗೆ ನುಗ್ಗಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದರು. ಹೊಸೂರು ಸೀಮೆ ಕಂಪನಿಗೆ ಸೇರಿತು. ಮೈಸೂರಿನಲ್ಲಿ ಐದು ವರ್ಷದ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದರು. ಶ್ರೀರಂಗಪಟ್ಟಣದ ಅಧಿಕಾರ ಕರ್ನಲ್ ಆರ್ಥರ್ ವೆಲ್ಲೆಸ್ಲಿಯವರದು. ಮುಂದೆ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವರು ಇವರೇ.

ಪಟ್ಟಣದಲ್ಲೂ ಸುತ್ತಲ ಹಳ್ಳಿಗಳಲ್ಲೂ ಚದುರಿಹೋದ ಕ್ರೈಸ್ತರಿದ್ದರು. ಹಳೆಯ ಮೈಸೂರು ಮಿಷನ್ನಿನ ಕನ್ನಡ, ತಮಿಳು ಕುಟುಂಬಗಳು ಕೆಲವು. 1784ರಲ್ಲಿ ಕೆನರಾ ಕರಾವಳಿಯಿಂದ ಸೆರೆಹಿಡಿದು ತಂದವರಲ್ಲಿ ಬದುಕುಳಿದವರು ಕೆಲವು. ಬಲವಂತಕ್ಕೆ ಸಿಕ್ಕಿ ಧರ್ಮ ಬಿಡಬೇಕಾಗಿ ಬಂದವರು ಅವರಲ್ಲಿ ಬಹಳ. ಗುರುಗಳಿಲ್ಲ, ಗುಡಿಯಿಲ್ಲ, ಎಷ್ಟೋ ಮಂದಿಗೆ ಹೊಲ ಮನೆಯೂ ಇಲ್ಲ. ಇವರನ್ನು ಮತ್ತೆ ಒಟ್ಟುಗೂಡಿಸಲು ದುಬಾಯ್ ಅವರಿಗೆ ಕರೆ ಬಂತು. ಇದು ಸಾಮಾನ್ಯ ಸಂಗತಿಯಲ್ಲ. ಆಗ ಇಂಗ್ಲಿಷರಿಗೆ ಫ್ರೆಂಚರೆಂದರೆ ಬದ್ಧ ವೈರಿಗಳು. ಟಿಪ್ಪು ಮೇಲೆ ದಂಡೆತ್ತಿ ಬರಲು ಕೊಟ್ಟ ದೊಡ್ಡ ಕಾರಣವೇ ಅವರ ಫ್ರೆಂಚ್ ಸ್ನೇಹ. ಆ ಕೋಟೆಯೊಳಗೆ ಒಬ್ಬ ಫ್ರೆಂಚನನ್ನು ಬಿಟ್ಟುಕೊಳ್ಳಬೇಕಾದರೆ ಆತ ಯಾರ ಗೂಢಚಾರನೂ ಅಲ್ಲ ಎಂಬ ಭರವಸೆ ಬೇಕಿತ್ತು. ಏಳು ವರ್ಷ ಹಳ್ಳಿಗಳಲ್ಲಿ ಬಾಳಿದ ರೀತಿಗಿಂತ ದೊಡ್ಡ ಶಿಫಾರಸು ಅವರ ಬಳಿ ಇರಲಿಲ್ಲವೆಂದು ನನ್ನ ಅನಿಸಿಕೆ.

ಬಂದವರೇ ಧರ್ಮ ಬಿಟ್ಟವರನ್ನು ಮತ್ತೆ ಸಭೆಗೆ ಸೇರಿಸಿಕೊಂಡರು. ಗಂಜಾಮಿನ ಚರ್ಚಿಗೆ ಇಂದಿಗೂ ಅವರ ಹೆಸರು ಅಂಟಿಕೊಂಡಿದೆ. ಮೈಸೂರಿಗೆ ಹೋಗುವವರು ಸಂಗಮದ ದಾರಿಯಲ್ಲಿ ಇಳಿದು ನೋಡಬಹುದು. ಆದರೆ ಪೂಜೆಗೆ ಬಂದು ಹೋದರೆ ಹೊಟ್ಟೆ ತುಂಬುವುದಿಲ್ಲವಲ್ಲ. ನೆಲೆಯಿಲ್ಲದ ಕುಟುಂಬಗಳಿಗೆ ಬೇಸಾಯದ ಭೂಮಿ ದೊರಕಿಸಿ ಹಾಸನದ ಹತ್ತಿರ ಸಾತಳ್ಳಿಯಲ್ಲಿ ನೆಲೆ ನಿಲ್ಲಿಸಿದರು. ಒಂದೇ ಕಡೆ ಉಳುವ, ಒಂದೇ ಗುಡಿಗೆ ಬರುವ ಊರುಗಳು ಅಲ್ಲಿ ಬೆಳೆದವು. ಹಾಸನ ಕಡೆಯಿಂದ ಹೊಸೂರಿಗೆ ಬಂದು ಫ್ಯಾಕ್ಟರಿ ಸೇರಿದವರು ನಮ್ಮಲ್ಲಿದ್ದಾರೆ. ಅವರ ಅಜ್ಜ ಅಜ್ಜಿಯರನ್ನು ಕೇಳಿದರೆ ನನಗಿಂತ ಹೆಚ್ಚು ಹೇಳಿಯಾರು. ಗುರುತಿನವರ ಬಳಗವೆಂದರೆ ನಮಗೀಗ ಫೋನಿನಲ್ಲಿ ಎಷ್ಟು ಹೆಸರು, ಲಿಂಕ್ಡ್‌ಇನ್‌ನಲ್ಲಿ ಎಷ್ಟು ಜನ ಎಂಬ ಲೆಕ್ಕ. ಅವರಿಗೆ ಅದು ಬೇರೆಯಾಗಿತ್ತು: ಅಧಿಕಾರಿಯ ಪರಿಚಯವಿದ್ದರೆ ಆ ಪರಿಚಯದಿಂದ ಹೊಲವಿಲ್ಲದವನಿಗೆ ಹೊಲ ಸಿಗಬೇಕು.

ನಾನು ಬಿ.ಎಸ್ಸಿ. ಓದಿದವಳಾದ್ದರಿಂದ ಅವರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿಡುಬಿನ ಕಥೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಿಡುಬು ಬಂದರೆ ಆಗ ಮದ್ದಿಲ್ಲ. ಮಾರಮ್ಮ ಬಂದಳೆಂದು ಬೇವಿನ ಸೊಪ್ಪು ಕಟ್ಟುತ್ತಿದ್ದರು. ಉಳಿದರೆ ಮುಖದ ತುಂಬ ಕಲೆ, ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿಗೆ ಬರುವ ಸಿಡುಬಿನ ರಸವನ್ನು ಮನುಷ್ಯನ ತೋಳಿಗೆ ಹಾಕಿದರೆ ದೊಡ್ಡ ಸಿಡುಬು ತಾಗದೆಂದು ಪರೀಕ್ಷಿಸಿ ತೋರಿಸಿದರು. ಆದರೆ ಆ ರಸವನ್ನು ಭಾರತಕ್ಕೆ ತರುವುದು ಹೇಗೆ? ಫ್ರಿಜ್ ಇಲ್ಲ. ಸೆಕೆಗೆ ರಸ ಕೆಟ್ಟುಹೋಗುತ್ತದೆ. ಒಂದೇ ಉಪಾಯ ಇದ್ದದ್ದು: ದಾಕು ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಸುಮಾರು ಎಂಟು ದಿನಕ್ಕೆ ಗುಳ್ಳೆ ಬಲಿಯುತ್ತದೆ, ಅದರ ರಸವನ್ನು ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕು, ಅವರ ತೋಳಿನಿಂದ ಮತ್ತೊಬ್ಬರಿಗೆ. ತೋಳಿನಿಂದ ತೋಳಿಗೆ ಹೀಗೆ ದಾಟುತ್ತಲೇ ಇರಬೇಕು. ನಡುವೆ ಒಂದು ವಾರ ಯಾರೂ ತೋಳು ಕೊಡದಿದ್ದರೆ ಸರಪಳಿ ಕಡಿದು ಇಡೀ ಸೀಮೆಗೆ ಲಸಿಕೆಯೇ ಇಲ್ಲ. ಬಾಗ್ದಾದ್, ಬಸ್ರಾ ದಾರಿಯಲ್ಲಿ ಬಂದ ರಸ 1802ರ ಜೂನ್ 14ರಂದು ಮುಂಬಯಿಯಲ್ಲಿ ಆ್ಯನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಹಿಡಿಯಿತು. ಅವಳ ತೋಳಿನಿಂದ ಬೇರೆ ಮಕ್ಕಳಿಗೆ, ಅವರಿಂದ ಊರೂರಿಗೆ ಹೋಯಿತು.

ಈಗ ಮೈಸೂರಿನ ಹಳ್ಳಿಯ ತಾಯಿಯ ಜಾಗದಲ್ಲಿ ನಿಂತು ಯೋಚಿಸಿ. ಚೆನ್ನಾಗಿರುವ ಮಗುವಿನ ಚರ್ಮ ಕೊಯ್ದು ಇನ್ಯಾರದೋ ಗುಳ್ಳೆಯ ಕೀವು ಹಚ್ಚುತ್ತಾರಂತೆ. ಅದು ಯಾವ ಜಾತಿಯವರ ಮೈಯಿಂದ ಬಂದದ್ದೋ. ಕಂಪನಿಯವರು ಗುರುತು ಹಾಕಿ ಹಿಡಿದುಕೊಂಡು ಹೋಗುತ್ತಾರೋ ಏನೋ. ಅಮ್ಮ ಮುನಿದರೆ? ಹೊಸ ಸರ್ಕಾರದ ಡಾಕ್ಟರು ಬಂದು ಕರೆದರೆ ಯಾವ ತಾಯಿ ಬರುತ್ತಾಳೆ? ದೊಡ್ಡ ಸ್ವಾಮಿಯವರು ಕರೆದಾಗ ಬಂದರು. ಅವರ ಪ್ರಯತ್ನದಿಂದ 1803–04ರಲ್ಲಿ ದಾಕು ಹಾಕಿಸಿಕೊಂಡವರ ಲೆಕ್ಕ 25,432. ಕೆಲವೇ ತಿಂಗಳ ಕೆಲಸವಿದು. ಆಗಿನ ದಾರಿ, ಆಗಿನ ಎತ್ತಿನ ಗಾಡಿ ನೆನೆದರೆ ಆ ಸಂಖ್ಯೆಯ ತೂಕ ತಿಳಿಯುತ್ತದೆ. ಕೋವಿಡ್ ಲಸಿಕೆಯ ಸಮಯದಲ್ಲಿ ಜನರನ್ನು ಒಪ್ಪಿಸಲು ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರಿಗಂತೂ ಇನ್ನೂ ಚೆನ್ನಾಗಿ ತಿಳಿದೀತು.

ಅದೇ ಕಾಲಕ್ಕೆ ಅರಮನೆಯಲ್ಲಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರೂ ದಾಕಿನ ಪರ ನಿಂತರು. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರಿನ ರಾಣಿಯರ ಒಂದು ಚಿತ್ರ ಬರೆದ. ಅದು ಲಸಿಕೆಯ ಪ್ರಚಾರಕ್ಕೆಂದೇ ಬರೆಸಿದ್ದಿರಬೇಕೆಂದು ಈಗ ಇತಿಹಾಸಕಾರರು ಹೇಳುತ್ತಾರೆ. ರುಮಾಲು ಸುತ್ತಿದ ದುಬಾಯ್ ಅವರ ಚಿತ್ರವನ್ನು ಬರೆದವನೂ ಈ ಹಿಕಿಯೇ.

ಇಂಗ್ಲಿಷ್ ಅಧಿಕಾರಿಗಳಲ್ಲಿ ಅವರಿಗೆ ಹತ್ತಿರವಾದವರು ಮೇಜರ್ ಮಾರ್ಕ್ ವಿಲ್ಕ್ಸ್, ಮೈಸೂರಿನ ರೆಸಿಡೆಂಟ್. ಮುಂದೆ ದಕ್ಷಿಣ ಭಾರತದ ಇತಿಹಾಸ ಬರೆದವರು. ಇಲ್ಲಿಯ ಜನರ ನಡೆನುಡಿ, ಆಚಾರ, ಕಟ್ಟಳೆಗಳ ಬಗ್ಗೆ ದುಬಾಯ್ ಬರೆದಿಟ್ಟ ಹಸ್ತಪ್ರತಿಯನ್ನು ವಿಲ್ಕ್ಸ್ ಓದಿ ಮೆಚ್ಚಿ ಮದರಾಸಿಗೆ ಕಳುಹಿಸಿದರು. ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್ ಅದನ್ನು ಕಂಪನಿಗಾಗಿ ಎರಡು ಸಾವಿರ ವರಹ ಕೊಟ್ಟು ಕೊಂಡರು. ಒಂದು ವರಹಕ್ಕೆ ಮೂರೂವರೆ ರೂಪಾಯಿಯಂತೆ ಏಳು ಸಾವಿರ ರೂಪಾಯಿ. ಆಗಿನ ಕಾಲಕ್ಕೆ ಬಲು ದೊಡ್ಡ ಮೊತ್ತ. ಇಂಗ್ಲಿಷ್ ಅನುವಾದ 1816–17ರ ಹೊತ್ತಿಗೆ ಲಂಡನ್ನಿನಲ್ಲಿ ಅಚ್ಚಾಯಿತು. ಮುಂದೆ ಭಾರತಕ್ಕೆ ಬಂದ ಇಂಗ್ಲಿಷ್ ಅಧಿಕಾರಿಗಳು ತಲೆಮಾರುಗಳ ಕಾಲ ಆ ಪುಸ್ತಕದ ಮೂಲಕವೇ ನಮ್ಮ ಜನರನ್ನು ನೋಡಿದರು.

ಇಲ್ಲಿ ಎರಡು ಮಾತು ಮುಚ್ಚಿಡದೆ ಹೇಳಬೇಕು. ಪವಾಡಪುರುಷರ ಕಥೆಯಂತೆ ಹೇಳಿದರೆ ಅವರಿಗೇ ಅನ್ಯಾಯ. ಒಂದು, ಆ ಪುಸ್ತಕ ಪೂರ್ತಿ ಅವರದಲ್ಲ. ಅವರಿಗಿಂತ ಮುಂಚೆ ಆಂಧ್ರದಲ್ಲೂ ಪುದುಚೇರಿಯಲ್ಲೂ ಇದ್ದ ಯೇಸು ಸಭೆಯ ಗಾಸ್ತೋಂ ಲೊರಾಂ ಕೋರ್ದು ಎಂಬ ಗುರುಗಳು, ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ನೆಂಟಿದೆಯೆಂದು ಬಹು ಮೊದಲೇ ಗುರುತಿಸಿದ ಪಂಡಿತರು, ಇದೇ ವಿಷಯದ ಮೇಲೆ ಬರೆದಿಟ್ಟಿದ್ದರು. 1779ರಲ್ಲಿ ಅವರು ತೀರಿಕೊಂಡರು. ಅವರ ಬರಹದ ಬಹುಭಾಗ ದುಬಾಯ್ ಅವರ ಪುಸ್ತಕದೊಳಗೆ ಸೇರಿಹೋಗಿದೆ ಎಂದು ಸಿಲ್ವಿಯಾ ಮ್ಯುರ್ ಎಂಬ ಫ್ರೆಂಚ್ ವಿದ್ವಾಂಸೆ 1987ರಲ್ಲಿ ತೋರಿಸಿಕೊಟ್ಟರು. ಹೊಸದಾಗಿ ಬಂದವನು ಮೊದಲಿದ್ದವರ ಅನುಭವದ ಮೇಲೆ ಮನೆ ಕಟ್ಟುತ್ತಾನೆ, ಅದು ಸಹಜ. ಆದರೆ ಅವರ ಹೆಸರು ಹೇಳಬೇಕಿತ್ತು. ಹೇಳದೆ ಹೋದದ್ದು ಈಗಿನ ಲೆಕ್ಕದಲ್ಲಿ ಕೃತಿಚೌರ್ಯವೇ. ಎರಡು, ತಮ್ಮ ಮುಂದೆ ಮನ ಬಿಚ್ಚಿದ ಜನರ ಬಗ್ಗೆಯೇ ಅವರು ಅನೇಕ ಕಡೆ ಬಹಳ ಕಠಿಣವಾಗಿ ಬರೆದಿದ್ದಾರೆ. ನಂಬಿ ಹೇಳಿದ ಮಾತು ಆಳುವವರ ಕೈಗೆ ಕೈಪಿಡಿಯಾಗಿ ಹೋಯಿತು. ಅವರ ಮನೆ ಜಗಲಿಯಲ್ಲಿ ಕೂತು ಕಷ್ಟಸುಖ ಹೇಳಿಕೊಂಡ ಹಿರಿಯರಿಗೆ ಇದು ಗೊತ್ತಾಗಿದ್ದರೆ ಏನೆನ್ನುತ್ತಿದ್ದರೋ.

ಅವರಿಗೂ ನೆಮ್ಮದಿಯೇನೂ ಇರಲಿಲ್ಲ. ಸುಮಾರು ಇಪ್ಪತ್ತೈದು ವರ್ಷ ದುಡಿದ ಮೇಲೆ, ಒಬ್ಬ ಸ್ಥಳೀಯ ಗುರುವಿನ ಸಹಾಯದೊಂದಿಗೆ ತಾವು ಹೊಸದಾಗಿ ಸಭೆಗೆ ಸೇರಿಸಿದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ, ಅವರಲ್ಲೂ ಹೆಚ್ಚಿನವರು ಗತಿಯಿಲ್ಲದೆ ಬಂದವರೆಂದು ಲೆಕ್ಕ ಕೊಟ್ಟರು. ಭಾರತದಲ್ಲಿ ಕ್ರೈಸ್ತ ಧರ್ಮ ಹರಡುವ ಆಸೆಯನ್ನೇ ಅವರು ಬಿಟ್ಟಿದ್ದರು. 1823ರಲ್ಲಿ ಪ್ರಕಟವಾದ ಅವರ ಪತ್ರಗಳ ಪುಸ್ತಕ ಇಂಗ್ಲೆಂಡಿನಲ್ಲಿ ಗದ್ದಲ ಎಬ್ಬಿಸಿತು. ಜೇಮ್ಸ್ ಹೌ ಎಂಬ ಪಾದ್ರಿ ಮರುವರ್ಷವೇ ಅದಕ್ಕೆ ಉತ್ತರವಾಗಿ ಒಂದು ಪುಸ್ತಕ ಬರೆದರು. ನನಗೆ ತೋಚುವುದಿಷ್ಟು: ಆ ಇನ್ನೂರು ಮುನ್ನೂರರ ಲೆಕ್ಕದಲ್ಲಿ ಸಾತಳ್ಳಿಯ ಹೊಲಗಳಿಲ್ಲ, 25,432 ತೋಳುಗಳಿಲ್ಲ, ಚದುರಿ ಹೋಗಿ ಮತ್ತೆ ಕೂಡಿದ ಕುಟುಂಬಗಳಿಲ್ಲ. ಯಾವುದನ್ನು ಎಣಿಸಬೇಕು ಎಂಬಲ್ಲೇ ಅವರು ತಮಗೆ ತಾವು ಅನ್ಯಾಯ ಮಾಡಿಕೊಂಡರು.

ನಮ್ಮ ಊರಿನ ಮಾತಿಗೆ ಒಂದು ಗಳಿಗೆ ಬರುತ್ತೇನೆ. ಸಿಪ್‌ಕಾಟ್ ಕಡೆ ಕೆಲಸ ಸಿಕ್ಕಿ ಮೈಸೂರು, ಹಾಸನ, ಕೊಳ್ಳೇಗಾಲದಿಂದ ಬಂದವರು ನಾಲ್ಕು ಜನ ಸೇರಿ ಒಂದು ರೂಮು ಬಾಡಿಗೆಗೆ ಹಿಡಿಯುತ್ತಾರೆ. ಭಾನುವಾರ ತಮಿಳು ಪೂಜೆಗೆ ಬಂದು ಹಿಂದಿನ ಬಾಗಿಲ ಬಳಿ ನಿಂತು, ಕೊನೆಯ ಆಶೀರ್ವಾದಕ್ಕೆ ಮುಂಚೆಯೇ ಹೊರಟುಬಿಡುತ್ತಾರೆ. ತಿಂಗಳಿಗೊಮ್ಮೆ ಕನ್ನಡ ಪೂಜೆ ಇದೆ ಎಂಬುದೇ ಎಷ್ಟೋ ಜನಕ್ಕೆ ಆರು ತಿಂಗಳವರೆಗೆ ತಿಳಿಯುವುದಿಲ್ಲ. ಕನ್ನಡದವರೇ ಸಿಗಲಿ ಎಂದು ಕಾಯುವ ಬದಲು ಪಕ್ಕದಲ್ಲಿ ನಿಂತ ತಮಿಳು ಅಣ್ಣನನ್ನೋ ತೆಲುಗು ಅಕ್ಕನನ್ನೋ ಹೆಸರು ಕೇಳಿ ಮಾತನಾಡಿಸಿದವರಿಗೆ ಬಾಡಿಗೆ ಮನೆಯೂ ಬೇಗ ಸಿಕ್ಕಿದೆ, ಕೆಲಸದ ಸುದ್ದಿಯೂ ಬೇಗ ತಲುಪಿದೆ. ನಾವು ಹಳಬರೂ ಬಾಗಿಲ ಬಳಿ ನಿಂತವರ ಹೆಸರು ಕೇಳಬಹುದಲ್ಲವೇ? ದುಬಾಯ್ ಅವರನ್ನು ತಿದ್ದಿ, ಭಾಷೆ ಕಲಿಸಿ, ಊಟಕ್ಕೆ ಕರೆದವರು ಯಾರೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಅವರಿಲ್ಲದೆ ದೊಡ್ಡ ಸ್ವಾಮಿಯವರೂ ಇಲ್ಲ.

1823ರ ಜನವರಿ 15ರಂದು ಅವರು ಭಾರತ ಬಿಟ್ಟರು. ಅವರ ಸಂಸ್ಥೆಯ ಗುರುಗಳು ಹೋದ ನೆಲದಲ್ಲೇ ಮಣ್ಣಾಗುವುದು ರೂಢಿ, ಹಿಂತಿರುಗುವುದು ಅಪರೂಪ. ಕಂಪನಿ ಸರ್ಕಾರ ಅವರಿಗೆ ಪಿಂಚಣಿ ಕೊಟ್ಟು ಕಳುಹಿಸಿತು. ಐವತ್ತೇಳನೇ ವಯಸ್ಸಿನಲ್ಲಿ ಪ್ಯಾರಿಸ್‌ಗೆ ಹೋದಾಗ ಅಲ್ಲಿಯೂ ಅವರು ಹೊಸಬರೇ. ತಾವು ಬಿಟ್ಟು ಬಂದ ರಾಜನೂ ಇಲ್ಲ, ಕ್ರಾಂತಿಯೂ ಇಲ್ಲ, ನೆಪೋಲಿಯನ್ ಬಂದು ಹೋಗಿಯಾಗಿದೆ. ತಮ್ಮ ಸಂಸ್ಥೆಯ ಸೆಮಿನರಿಯಲ್ಲಿ ಪೂರ್ವ ದೇಶಗಳಿಗೆ ಹೊರಡುವ ಯುವ ಗುರುಗಳ ನಡುವೆ ನಿರ್ದೇಶಕರಾಗಿ ಸೇರಿಕೊಂಡರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು.

ಭಾರತದಿಂದ ಅವರು ಒಯ್ದ ಸಾಮಾನಿನಲ್ಲಿ ಪಂಚತಂತ್ರವೂ ಇತ್ತು. ಸಿಂಹ, ನರಿ, ಎತ್ತಿನ ಆ ಕಥೆಗಳನ್ನು ಅವರು ಫ್ರೆಂಚಿಗೆ ತಂದು 1826ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ಅವರು ಎದುರಿಗಿಟ್ಟುಕೊಂಡದ್ದು ಮೂರು ಪ್ರತಿಗಳನ್ನು: ಒಂದು ತಮಿಳು, ಒಂದು ತೆಲುಗು, ಒಂದು ಕನ್ನಡ. ನಮ್ಮ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಕಿವಿಗೆ ಬೀಳುವ ಆ ಮೂರೇ ಭಾಷೆಗಳು. 1848ರ ಫೆಬ್ರವರಿಯಲ್ಲಿ, ಎಂಬತ್ತೆರಡನೇ ವಯಸ್ಸಿನಲ್ಲಿ, ಅವರು ಪ್ಯಾರಿಸ್‌ನಲ್ಲಿ ಪ್ರಭುವಿನ ಪಾದ ಸೇರಿದರು. ಅದೇ ತಿಂಗಳು ಆ ಊರಿನ ಬೀದಿಗಳಲ್ಲಿ ಇನ್ನೊಂದು ಕ್ರಾಂತಿ ಎದ್ದು ರಾಜ ಲೂಯಿ ಫಿಲಿಪ್ ಸಿಂಹಾಸನ ಬಿಟ್ಟು ಓಡಿದ. ಹಾಸನದ ಆ ಹಳ್ಳಿಗಳಲ್ಲಿ ಮಾತ್ರ, ಅವರು ಹೋಗಿ ಎಷ್ಟೋ ವರ್ಷಗಳ ಮೇಲೂ, ಜನ ದೊಡ್ಡ ಸ್ವಾಮಿಯವರ ಹೆಸರು ಹೇಳುತ್ತಿದ್ದರು.